ದೊಡ್ಡವರ ನಿದ್ದೆ, ವೈದ್ಯರ ಹೊಣೆ

(ನಿವೃತ್ತ ವೈದ್ಯಾಧಿಕಾರಿಯೊಬ್ಬರು ಮಾನ್ವಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಾನು ಆರಿಸಿಕೊಂಡ ವಿಷಯವನ್ನು ಹೇಳಿದಾಗ, ಕರೆಯಲು ಬಂದಿದ್ದ ಮಿತ್ರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಅಲ್ರೀ ಡಾಕ್ಟ್ರ, ಮೈಕೆಲ್ ಜಾಕ್ಸನ್ ಸತ್ತಿದ್ದಕ್ಕೂ ನಮ್ಮ ಮಾನ್ವಿಗೂ ಏನು ಸಂಬಂಧ?’ ಎಂದರು. ಜಾಕ್ಸನ್‌ಗೂ ಮಾನ್ವಿಗೂ ನೇರ ಸಂಬಂಧವಿಲ್ಲ, ನಿಜ. ಆದರೆ ಹೆಸರಾಂತ ವ್ಯಕ್ತಿಯೊಬ್ಬ ಔಷಧಿಯಿಂದ ಸತ್ತಾಗ ವೈದ್ಯನನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ ಪ್ರಶ್ನೆಗಳಿವೆಯಲ್ಲ, ಅವನ್ನು ನಮ್ಮ ಬಸ್ ನಿಲ್ದಾಣದ ಸುತ್ತಲಿನ ದವಾಖಾನೆಗಳಲ್ಲೂ ಔಷಧಿ ಅಂಗಡಿಗಳಲ್ಲೂ ಕೇಳಬೇಕಾಗಿದೆ. ಕೇಳುವವರಿಲ್ಲ, ಅಷ್ಟೇ.

ಮೊದಲು ಆ ಪ್ರಕರಣ. 2009ರ ಜೂನ್ 25. ಲಾಸ್ ಏಂಜಲಿಸ್ ನಗರದ ಒಂದು ಬಾಡಿಗೆ ಬಂಗಲೆ. ಐವತ್ತು ವರ್ಷದ ಗಾಯಕನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಮುಂದಿನ ತಿಂಗಳಿನಿಂದ ಲಂಡನ್ನಿನಲ್ಲಿ ಐವತ್ತು ಕಾರ್ಯಕ್ರಮಗಳು ನಡೆಯಬೇಕು, ಟಿಕೆಟ್ ಮಾರಾಟವಾಗಿದೆ, ತಾಲೀಮು ನಡೆದಿದೆ. ಆತನ ಆರೈಕೆಗೆಂದು ಗೊತ್ತುಮಾಡಿದ ವೈದ್ಯ ಡಾ. ಕಾನ್ರಾಡ್ ಮರ್ರೆ. ಈತ ಹೃದ್ರೋಗ ತಜ್ಞ, ಅರಿವಳಿಕೆ ತಜ್ಞನಲ್ಲ. ಗೊತ್ತಾದ ಸಂಬಳ ತಿಂಗಳಿಗೆ ಒಂದೂವರೆ ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 70 ಲಕ್ಷ ರೂಪಾಯಿಗೂ ಮೇಲೆ. ಆ ಹಣ ಆತನ ಕೈಸೇರಲೇ ಇಲ್ಲ ಎನ್ನುವುದು ಬೇರೆ ಮಾತು.

ನಿದ್ದೆಗಾಗಿ ಮರ್ರೆ ಆ ರಾತ್ರಿ ಮೊದಲು ಡಯಾಜೆಪಾಮ್ ಮಾತ್ರೆ ಕೊಟ್ಟ. ಆಮೇಲೆ ಲೊರಾಜೆಪಾಮ್, ಮಿಡಜೋಲಾಮ್ ಚುಚ್ಚುಮದ್ದು. ಯಾವುದಕ್ಕೂ ನಿದ್ದೆ ಬಾರದಾಗ, ಬೆಳಗ್ಗೆ ಹತ್ತು ಗಂಟೆ ದಾಟಿದ ಮೇಲೆ, ಪ್ರೊಪೊಫಾಲ್. ಇದು ಹಾಲಿನಂತೆ ಬೆಳ್ಳಗಿರುವ ದ್ರವ. ಜಾಕ್ಸನ್ ಅದನ್ನು ‘ಹಾಲು’ ಎಂದೇ ಕರೆಯುತ್ತಿದ್ದ. ನಾವು ವೈದ್ಯರು ಅದನ್ನು ಬಳಸುವುದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ, ರೋಗಿಯನ್ನು ಅರೆಕ್ಷಣದಲ್ಲಿ ಮಲಗಿಸುವುದಕ್ಕೆ. ಅದು ಬರಿಸುವುದು ನಿದ್ದೆಯನ್ನಲ್ಲ, ಪ್ರಜ್ಞೆ ತಪ್ಪಿದ ಸ್ಥಿತಿಯನ್ನು. ಒಂದಿಷ್ಟು ಹೆಚ್ಚಾದರೆ ಉಸಿರು ನಿಲ್ಲುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಉಸಿರು ನಿಂತರೆ ದೊಡ್ಡ ಅನಾಹುತವೇನೂ ಆಗುವುದಿಲ್ಲ. ತಲೆಯ ಬಳಿಯೇ ಒಬ್ಬ ತಜ್ಞ ನಿಂತಿರುತ್ತಾನೆ, ಉಸಿರಾಡಿಸುವ ಉಪಕರಣ ಕೈಗೆಟಕುವಂತಿರುತ್ತದೆ. ಮಲಗುವ ಕೋಣೆಯಲ್ಲಿ ಅಂಥ ಸಿದ್ಧತೆ ಇರಲಿಲ್ಲ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವೊಂದಿತ್ತು, ಅದಕ್ಕೂ ಎಚ್ಚರಿಕೆಯ ಗಂಟೆ ಇರಲಿಲ್ಲ. ಇಂಥ ವ್ಯವಸ್ಥೆಯಲ್ಲಿ ಸುಮಾರು ಎರಡು ತಿಂಗಳು ಹೆಚ್ಚೂಕಡಿಮೆ ಪ್ರತಿ ರಾತ್ರಿ ಆ ಔಷಧಿ ಕೊಟ್ಟದ್ದಾಗಿ ಮರ್ರೆಯೇ ಪೊಲೀಸರಿಗೆ ಹೇಳಿದ.

ತಾನು ಎರಡು ನಿಮಿಷ ಬಚ್ಚಲಿಗೆ ಹೋಗಿದ್ದೆ, ಬಂದು ನೋಡಿದರೆ ಉಸಿರಿರಲಿಲ್ಲ ಎಂಬುದು ಆತನ ಹೇಳಿಕೆ. ದೂರವಾಣಿ ದಾಖಲೆ ಬೇರೆಯದನ್ನೇ ಹೇಳಿತು. ಆ ಹೊತ್ತಿನಲ್ಲಿ ಆತ ಒಂದರ ಮೇಲೊಂದು ಕರೆ ಮಾಡಿ ಮಾತಾಡುತ್ತಿದ್ದ. ತುರ್ತು ಸೇವೆಗೆ ಕರೆ ಹೋದದ್ದು 12 ಗಂಟೆ 21 ನಿಮಿಷಕ್ಕೆ, ಅದೂ ಕಾವಲುಗಾರನೊಬ್ಬನಿಂದ. ಆಂಬುಲೆನ್ಸಿನವರು ಬಂದು ಏನು ಔಷಧಿ ಕೊಟ್ಟಿದ್ದೀರಿ ಎಂದು ಕೇಳಿದಾಗ ಪ್ರೊಪೊಫಾಲ್ ಹೆಸರನ್ನೇ ಎತ್ತಲಿಲ್ಲ. ಆಸ್ಪತ್ರೆಯ ವೈದ್ಯರಿಗೂ ಹೇಳಲಿಲ್ಲ. ಎರಡು ತಿಂಗಳ ಚಿಕಿತ್ಸೆಗೆ ಒಂದು ಹಾಳೆಯ ದಾಖಲೆಯೂ ಇರಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಕ್ಷಮಿಸಲಾಗದ್ದು ಈ ಮೌನ. ಔಷಧಿ ಕೊಡುವಾಗ ತಪ್ಪುವುದು ಮನುಷ್ಯ ಸಹಜ. ಮುಂದಿನ ವೈದ್ಯನಿಗೆ ನಿಜ ಹೇಳದೆ ಇರುವುದು ತನ್ನ ಚರ್ಮ ಉಳಿಸಿಕೊಳ್ಳುವುದಕ್ಕೆ ರೋಗಿಯನ್ನು ಒತ್ತೆ ಇಟ್ಟಂತೆ.

ವಿಚಾರಣೆ 2011ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾಯಿತು. ಅರಿವಳಿಕೆ ತಜ್ಞ ಡಾ. ಸ್ಟೀವನ್ ಶೇಫರ್ ಸಾಕ್ಷಿ ಹೇಳಿ, ವೈದ್ಯನಾದವನು ಪಾಲಿಸಬೇಕಾದ ರೀತಿನೀತಿಯಿಂದ ಮರ್ರೆ ದೂರ ಸರಿದ 17 ಗಂಭೀರ ಸಂಗತಿಗಳನ್ನು ಎಣಿಸಿ ಇಟ್ಟರು. ಪ್ರತಿವಾದಿ ಪಕ್ಷದ ವಾದ ಸರಳವಾಗಿತ್ತು: ವೈದ್ಯ ಹೊರಗಿದ್ದಾಗ ರೋಗಿಯೇ ಔಷಧಿಯನ್ನು ಮೈಗೇರಿಸಿಕೊಂಡ. ಸರ್ಕಾರಿ ವಕೀಲರ ಉತ್ತರವೂ ಅಷ್ಟೇ ಸರಳ: ಹಾಗೇ ಆಗಿದ್ದರೂ, ಔಷಧಿಗಾಗಿ ಹಾತೊರೆಯುವ ರೋಗಿಯ ಕೈಗೆಟಕುವಂತೆ ಅದನ್ನು ಬಿಟ್ಟುಹೋದವರು ಯಾರು? ನವೆಂಬರ್ 7ರಂದು ಹನ್ನೆರಡು ಜನ ಜ್ಯೂರಿಗಳು, ಉದ್ದೇಶವಿಲ್ಲದ ನರಹತ್ಯೆಯ ಅಪರಾಧ ಸಾಬೀತಾಗಿದೆ ಎಂದರು. ಶಿಕ್ಷೆ ನಾಲ್ಕು ವರ್ಷ. ಜೈಲುಗಳು ತುಂಬಿದ್ದ ಕಾರಣಕ್ಕೆ ಸುಮಾರು ಎರಡು ವರ್ಷಕ್ಕೇ, 2013ರ ಅಕ್ಟೋಬರಿನಲ್ಲಿ, ಮರ್ರೆ ಹೊರಬಂದ.

ಇನ್ನೊಂದು ಸಂಗತಿ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಅದೇ ನ್ಯಾಯಾಲಯಕ್ಕೆ ಮರ್ರೆಯ ಹಳೆಯ ರೋಗಿಗಳು ಬಂದು, ಈತ ನಮ್ಮ ಜೀವ ಉಳಿಸಿದವನು, ಬಡವರಿಂದ ದುಡ್ಡು ಕೇಳಿದವನಲ್ಲ ಎಂದು ಸಾಕ್ಷಿ ನುಡಿದರು. ನಾನು ಆ ಮಾತನ್ನು ನಂಬುತ್ತೇನೆ. ಬಡ ರೋಗಿಯ ಮುಂದೆ ವೈದ್ಯನಾಗಿದ್ದವನು ದೊಡ್ಡ ರೋಗಿಯ ಮುಂದೆ ನೌಕರನಾದ. ರೋಗಿಗೆ ‘ಆಗುವುದಿಲ್ಲ’ ಎಂದರೆ ಕೆಲಸ ಹೋಗುತ್ತದೆ ಎನ್ನುವಲ್ಲಿ ವೈದ್ಯಕೀಯ ಮುಗಿಯಿತು. ಅಮೆರಿಕದ ಒಬ್ಬ ಮನೋವೈದ್ಯ 1964ರಲ್ಲೇ ಇದಕ್ಕೆ ‘ವಿಐಪಿ ಸಿಂಡ್ರೋಮ್’ ಎಂದು ಹೆಸರಿಟ್ಟ. ದೊಡ್ಡ ಮನುಷ್ಯ ಆಸ್ಪತ್ರೆಗೆ ಬಂದ ಕೂಡಲೇ ಎಲ್ಲ ನಿಯಮಗಳೂ ಸಡಿಲವಾಗಿ, ಕೊನೆಗೆ ಆತನಿಗೆ ಸಾಮಾನ್ಯ ರೋಗಿಗಿಂತ ಕೆಟ್ಟ ಚಿಕಿತ್ಸೆ ಸಿಗುತ್ತದೆ ಎನ್ನುವ ವಿಚಿತ್ರ.

ಎಲ್ವಿಸ್ ಪ್ರೀಸ್ಲಿಯದೂ ಇದೇ ಕಥೆ. 1977ರ ಆಗಸ್ಟ್ 16ರಂದು ಆತ ತೀರಿಕೊಂಡಾಗ ಲೆಕ್ಕ ಹಾಕಿದರೆ, ಆ ವರ್ಷದ ಎಂಟೇ ತಿಂಗಳಲ್ಲಿ ವೈದ್ಯ ಡಾ. ಜಾರ್ಜ್ ನಿಕೊಪೌಲೋಸ್ ಬರೆದುಕೊಟ್ಟ ಔಷಧಿ ಹತ್ತು ಸಾವಿರ ಡೋಸುಗಳಿಗೂ ಮೇಲಿತ್ತು. 1981ರಲ್ಲಿ ಜ್ಯೂರಿ ಆತನನ್ನು ನಿರ್ದೋಷಿ ಎಂದು ಬಿಟ್ಟಿತು. ತಾನು ಬರೆದುಕೊಡದಿದ್ದರೆ ಎಲ್ವಿಸ್ ಇನ್ನೊಬ್ಬರಿಂದ ಪಡೆಯುತ್ತಿದ್ದ ಎಂಬ ವಾದ ಆತನದು. ಇದು ನಮ್ಮೂರ ಔಷಧಿ ಅಂಗಡಿಯವರ ಬಾಯಲ್ಲೂ ಕೇಳುವ ಮಾತೇ. ವೈದ್ಯ ಮಂಡಳಿ ಮಾತ್ರ ಕಡೆಗೆ 1995ರಲ್ಲಿ ಆತನ ಪರವಾನಗಿಯನ್ನು ಶಾಶ್ವತವಾಗಿ ಕಿತ್ತುಕೊಂಡಿತು. 2023ರಲ್ಲಿ ಕೆಟಮಿನ್‌ನಿಂದ ಸತ್ತ ನಟ ಮ್ಯಾಥ್ಯೂ ಪೆರಿಯ ಪ್ರಕರಣದಲ್ಲಿ ಇಬ್ಬರು ವೈದ್ಯರು ತಪ್ಪೊಪ್ಪಿಕೊಂಡಿದ್ದಾರೆ. ಪಾಠ ಕಲಿಯಲು ಮೂವತ್ತು ನಲವತ್ತು ವರ್ಷ ಸಾಲಲಿಲ್ಲ.

ಈಗ ಮಾನ್ವಿಗೆ ಹತ್ತಿರ ಬರುತ್ತೇನೆ, ದಾರಿಯಲ್ಲಿ ಮರ್ಲಿನ್ ಮನ್ರೋ ಸಿಗುತ್ತಾಳೆ. 1962ರ ಆಗಸ್ಟ್ 5ರ ಬೆಳಗಿನ ಜಾವ ಆಕೆ ಶವವಾಗಿ ಪತ್ತೆಯಾದಳು. ರಕ್ತದಲ್ಲಿ ಎರಡು ಔಷಧಿಗಳು ಸಿಕ್ಕವು: ಒಂದು ಪೆಂಟೊಬಾರ್ಬಿಟಾಲ್, ಇನ್ನೊಂದು ಕ್ಲೋರಾಲ್ ಹೈಡ್ರೇಟ್. ಆಕೆಗೆ ಇಬ್ಬರು ವೈದ್ಯರಿದ್ದರು. ಒಬ್ಬ ಮನೋವೈದ್ಯ, ಒಬ್ಬ ಸಾಮಾನ್ಯ ವೈದ್ಯ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಎಷ್ಟರಮಟ್ಟಿಗೆ ತಿಳಿದಿತ್ತು ಎನ್ನುವುದು ಇಂದಿಗೂ ಚರ್ಚೆಯ ವಿಷಯ. ಯಾವ ವೈದ್ಯನೂ ಕಟಕಟೆ ಹತ್ತಲಿಲ್ಲ.

ಕ್ಲೋರಾಲ್ ಹೈಡ್ರೇಟ್ ಎಂದರೆ ಹಿಂದಿನ ಸಾಲಿನ ಮಕ್ಕಳು ಸುಮ್ಮನಿದ್ದೀರಿ. ಸಿ.ಎಚ್. ಪೌಡರ್ ಎಂದಿದ್ದರೆ ತಲೆಯಾಡಿಸುತ್ತಿದ್ದಿರಿ. ಹೌದು, ಅದೇ ಇದು. 1869ರಲ್ಲಿ ಜರ್ಮನಿಯಲ್ಲಿ ನಿದ್ದೆಯ ಔಷಧಿಯಾಗಿ ಬಳಕೆಗೆ ಬಂದ, ಮನ್ರೋಳ ರಕ್ತದಲ್ಲಿ ಸಿಕ್ಕ ಅದೇ ವಸ್ತು ರಾಯಚೂರಿನಲ್ಲಿ ಕಲಬೆರಕೆ ಸೇಂದಿಯಾಗಿ ಬಿಕರಿಯಾಗುತ್ತದೆ. ಈಚಲು ಮರ ಕಾಣದ ಸೇಂದಿ ಅದು. ನೀರು, ಸಿ.ಎಚ್. ಪೌಡರ್, ಜೊತೆಗೆ ಡಯಾಜೆಪಾಮ್ ಅಥವಾ ಅಲ್ಪ್ರಾಜೋಲಾಮ್. ಅಬಕಾರಿಯವರು ಪೌಡರ್ ಹಿಡಿದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದು ಹೋಗುತ್ತಲೇ ಇರುತ್ತದೆ. ಕುಡಿಯುವವರು ಹಮಾಲರು, ಗಾರೆ ಕೆಲಸದವರು, ಅವರ ಮನೆಯ ಹೆಂಗಸರು. ಚಟ ಹತ್ತಿದವನಿಗೆ ಒಂದೆರಡು ದಿನ ಸಿಗದಿದ್ದರೆ ಕೈ ನಡುಗುತ್ತದೆ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ. ಹಾಗೆ ಬಂದವರನ್ನು ಮಂಚಕ್ಕೆ ಕಟ್ಟಿಹಾಕಿ ಚಿಕಿತ್ಸೆ ಕೊಟ್ಟವನು ನಾನು.

ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು. ನಿದ್ದೆಯ ಔಷಧಿ, ಸೆರೆ, ಅಫೀಮಿನ ಜಾತಿಯ ನೋವಿನ ಔಷಧಿ, ಇವೆಲ್ಲ ಮಿದುಳಿನಲ್ಲಿ ಉಸಿರನ್ನು ನಡೆಸುವ ಜಾಗವನ್ನೇ ಮಂಕು ಮಾಡುತ್ತವೆ. ಒಂದೊಂದೂ ಬೇರೆಯಾಗಿದ್ದಾಗ ಅಪಾಯ ತರದಷ್ಟು ಪ್ರಮಾಣ, ಎರಡು ಮೂರು ಕೂಡಿದಾಗ ಜೀವ ತೆಗೆಯಬಹುದು. ಜಾಕ್ಸನ್ ಸತ್ತದ್ದು ಹೀಗೆ. ರಾಯಚೂರಿನ ಹಮಾಲನೊಬ್ಬ ರಾತ್ರಿ ಸೇಂದಿ ಕುಡಿದು, ಮೈನೋವಿಗೆ ಅಂಗಡಿಯ ಗುಳಿಗೆ ನುಂಗಿ, ಬೆಳಗ್ಗೆ ಏಳದಿದ್ದರೆ ಅದಕ್ಕೆ ಹೇಳುವ ಮಾತು ‘ಹಾರ್ಟ್ ಫೇಲ್’. ಮರಣೋತ್ತರ ಪರೀಕ್ಷೆ ಇಲ್ಲ, ಹದಿನೇಳು ತಪ್ಪು ಎಣಿಸುವ ತಜ್ಞನಿಲ್ಲ.

ನಮ್ಮವರಲ್ಲೇ ಹೆಸರಾಂತರ ಸಾವಾದಾಗ ನಾವು ಏನು ಕೇಳಿದೆವು? ನನ್ನ ವಯಸ್ಸಿನವರಿಗೆ ಮಿನುಗುತಾರೆ ಕಲ್ಪನಾ ನೆನಪಾಗದೆ ಇರುವುದಿಲ್ಲ. ‘ಶರಪಂಜರ’ದಲ್ಲಿ, ಮನೋರೋಗದ ಆಸ್ಪತ್ರೆಯಿಂದ ಗುಣವಾಗಿ ಬಂದ ಹೆಣ್ಣನ್ನು ಮನೆ, ಓಣಿ ಎರಡೂ ಸೇರಿ ಮತ್ತೆ ಅಲ್ಲಿಗೇ ಅಟ್ಟುವುದನ್ನು ತೋರಿಸಿದ ನಟಿ. 1979ರ ಮೇ 12ರಂದು ಸಂಕೇಶ್ವರದ ಬಳಿಯ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಆಕೆ ತೀರಿಕೊಂಡರು. ನಾಟಕದ ಪ್ರದರ್ಶನಕ್ಕೆಂದು ಆ ಕಡೆ ಹೋಗಿದ್ದವರು. ಅಂದಿನಿಂದ ನಿದ್ದೆ ಮಾತ್ರೆಯ ಮಾತು, ವಜ್ರದುಂಗುರದ ಮಾತು, ಪ್ರೇಮಭಂಗದ ಮಾತು, ಸಾಲದ ಮಾತು ಎಲ್ಲವನ್ನೂ ಕೇಳಿದ್ದೇನೆ. ಆಕೆಯ ಸಾವಿನ ಬಗ್ಗೆ ತೀರ್ಪು ಕೊಡಲು ನಾನು ಬಂದಿಲ್ಲ. ಆದರೆ ನಾನು ಕೇಳಿದ ಅಷ್ಟೂ ಕಥೆಗಳಲ್ಲಿ, ದುಃಖದಲ್ಲಿದ್ದ ಹೆಣ್ಣುಮಗಳಿಗೆ ಯಾವ ವೈದ್ಯ ಆಸರೆಯಾಗಿದ್ದ, ನಿದ್ದೆಗೆ ಏನಾದರೂ ಬರೆದುಕೊಟ್ಟಿದ್ದರೆ ಎಷ್ಟು ದಿನಕ್ಕೆ ಬರೆದಿದ್ದ, ಕೊಟ್ಟ ಮೇಲೆ ವಿಚಾರಿಸಿದ್ದನೇ ಎಂಬ ಪ್ರಶ್ನೆಯನ್ನು ಒಬ್ಬರೂ ಕೇಳಿದ್ದಿಲ್ಲ. ಜನಕ್ಕೆ ಬೇಕಾದದ್ದು ನಟಿಯ ಗುಟ್ಟು.

ಇದಕ್ಕೆ ತದ್ವಿರುದ್ಧವಾದದ್ದು 2021ರಲ್ಲಿ ಆಯಿತು. ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದರು. ಅಲ್ಲಿ ಔಷಧಿಯ ಮಾತೇ ಇರಲಿಲ್ಲ, ಅದು ಹೃದಯಾಘಾತ. ಸುಸ್ತಾಗುತ್ತಿದೆ ಎಂದು ಕುಟುಂಬದ ವೈದ್ಯ ಡಾ. ರಮಣ ರಾವ್ ಅವರ ಕ್ಲಿನಿಕ್ಕಿಗೆ ಹೋದರು, ಇಸಿಜಿ ಆಯಿತು, ಅಲ್ಲಿಂದ ವಿಕ್ರಂ ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಮರುದಿನಗಳಲ್ಲಿ ಅಭಿಮಾನಿಗಳ ದುಃಖ ಸಿಟ್ಟಾಗಿ ವೈದ್ಯರ ಕಡೆ ತಿರುಗಿತು. ಪೊಲೀಸರು ಅವರ ಮನೆಗೆ, ಕ್ಲಿನಿಕ್ಕಿಗೆ ಕಾವಲು ಹಾಕಬೇಕಾಯಿತು. ಹಳ್ಳಿಯ ರೋಗಿಗಳಿಗೆ ದಶಕಗಳಿಂದ ಪುಕ್ಕಟೆ ಚಿಕಿತ್ಸೆ ಕೊಟ್ಟು, ಪದ್ಮಶ್ರೀ ಪಡೆದ ವೈದ್ಯರಿಗೆ ಈ ಗತಿ. ಅಷ್ಟು ಪ್ರೀತಿಸಿದ ನಟ ಹೋದಾಗ ಜನಕ್ಕೆ ಯಾರಾದರೂ ಒಬ್ಬ ಹೊಣೆಗಾರ ಬೇಕಾಗುತ್ತಾನೆ, ಅದು ನನಗೆ ಅರ್ಥವಾಗುತ್ತದೆ. ಆದರೆ ರೋಗಿ ಉಳಿಯದಿರುವುದು ಬೇರೆ, ವೈದ್ಯ ತಪ್ಪು ಮಾಡುವುದು ಬೇರೆ. ಎರಡನ್ನೂ ಒಂದೇ ಮಾಡಿದರೆ ನಾಳೆ ಎದೆನೋವೆಂದು ಬಂದವನನ್ನು ಮುಟ್ಟಲು ಡಾಕ್ಟರು ಹಿಂಜರಿಯುತ್ತಾನೆ.

ನಮ್ಮ ಕಾನೂನು ಈ ಎರಡರ ನಡುವೆ ಗೆರೆ ಎಳೆಯಲು ಪ್ರಯತ್ನಪಟ್ಟಿದೆ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾಯಿದೆಗೆ ಒಳಪಡುತ್ತದೆ ಎಂದಿತು. ಅಂದರೆ ಪರಿಹಾರ ಕೇಳಬಹುದು. ಜೈಲಿಗೆ ಕಳಿಸಬೇಕಾದರೆ ಅಷ್ಟು ಸಾಲದು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ವೈದ್ಯನ ನಿರ್ಲಕ್ಷ್ಯ ಘೋರವಾದದ್ದಾಗಿರಬೇಕು. ಬುದ್ಧಿ ನೆಟ್ಟಗಿರುವ ಯಾವ ವೈದ್ಯನೂ ಮಾಡದಂಥದ್ದನ್ನು ಮಾಡಿರಬೇಕು. ಇನ್ನೊಬ್ಬ ಸಮರ್ಥ ವೈದ್ಯನ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು, ದೂರು ಬಂದಿತೆಂದು ಹಿಡಿದೊಯ್ಯಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆಯಿದೆ. ನೋಂದಾಯಿತ ವೈದ್ಯ ಚಿಕಿತ್ಸೆ ನೀಡುವಾಗ ಆದದ್ದಾದರೆ ಎರಡು ವರ್ಷದವರೆಗೆ ಮಾತ್ರ.

ನೋಂದಾಯಿತ ಎನ್ನುವ ಪದದ ಮೇಲೆ ಒಂದು ನಿಮಿಷ ನಿಲ್ಲೋಣ. ಔಷಧಿ ನಿಯಮಗಳಲ್ಲಿ ಆರ್.ಎಂ.ಪಿ. ಎಂದರೆ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್. ನಮ್ಮ ಹಳ್ಳಿಗಳಲ್ಲಿ ಆರೆಂಪಿ ಡಾಕ್ಟ್ರು ಎಂದರೆ ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದವನು! ಅಕ್ಷರಗಳು ಅವೇ, ಅರ್ಥ ಮಾತ್ರ ಬುಡಮೇಲು. ಅವರನ್ನು ಬರೀ ಬೈಯುವುದು ನನ್ನ ಉದ್ದೇಶವಲ್ಲ. ರಾತ್ರಿ ಹನ್ನೆರಡಕ್ಕೆ ದೇವದುರ್ಗದ ಕಡೆಯ ಹಳ್ಳಿಯಲ್ಲಿ ಮಗುವಿಗೆ ಜ್ವರ ಬಂದರೆ ಬಾಗಿಲು ತೆಗೆಯುವವನು ಅವನೇ. ಆದರೆ ‘ಒಂದು ಸೂಜಿ ಮಾಡ್ರಿ, ಒಂದು ಸಲಾಯಿನ್ ಹಚ್ರಿ’ ಎಂದವರಿಗೆಲ್ಲ ಅವನು ಏನು ಮಾಡಿದ, ಏನು ಹಚ್ಚಿದ ಎನ್ನುವುದಕ್ಕೆ ಚೀಟಿಯೂ ಇರುವುದಿಲ್ಲ. ತಾನು ಕಲಿಯದ ಪದ್ಧತಿಯ ಔಷಧಿ ಕೊಡುವುದೇ ನಿರ್ಲಕ್ಷ್ಯ ಎಂದು 1996ರ ಪೂನಂ ವರ್ಮಾ ತೀರ್ಪು ಹೇಳಿದೆ. ಅಲ್ಲಿ ಹೋಮಿಯೋಪತಿ ವೈದ್ಯನೊಬ್ಬ ಅಲೋಪತಿ ಔಷಧಿ ಕೊಟ್ಟು ರೋಗಿ ಸತ್ತಿದ್ದ.

ಔಷಧಿ ಅಂಗಡಿಗೂ ಹೊಣೆಯಿದೆ. 2014ರ ಮಾರ್ಚ್ 1ರಿಂದ ಎಚ್-1 ಎಂಬ ಪಟ್ಟಿ ಜಾರಿಯಲ್ಲಿದೆ. ಅಲ್ಪ್ರಾಜೋಲಾಮ್, ಡಯಾಜೆಪಾಮ್, ಟ್ರಾಮಡಾಲ್ ಅದರಲ್ಲಿವೆ. ಇವನ್ನು ಮಾರಿದರೆ ಬರೆದುಕೊಟ್ಟ ವೈದ್ಯನ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಇವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಿಮ್ಮ ಮನೆಯ ಗುಳಿಗೆಯ ಹಾಳೆಯನ್ನು ತಿರುಗಿಸಿ ನೋಡಿ, ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇದ್ದರೆ ಆ ಪಟ್ಟಿಯದು. ವೈದ್ಯನೂ ಅಷ್ಟೇ. 2002ರ ನೀತಿಸಂಹಿತೆಯಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೇಳಿ ಪಡೆದವರು ಈ ಸಭೆಯಲ್ಲಿ ಎಷ್ಟು ಜನ? ಕೈ ಎತ್ತುವುದು ಬೇಡ ಬಿಡಿ.

ಮಾನ್ವಿಯಲ್ಲಿ ನಿಂತು ಜಗನ್ನಾಥದಾಸರನ್ನು ನೆನೆಯದೆ ಮುಂದೆ ಹೋಗಲಾರೆ. ಕಥೆ ನಿಮಗೆಲ್ಲ ಗೊತ್ತು. ದೊಡ್ಡ ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ವಿಜಯದಾಸರ ಕರೆಯನ್ನು ಹೊಟ್ಟೆನೋವಿನ ನೆವ ಹೇಳಿ ತಳ್ಳಿಹಾಕಿದರು, ನೆವವೇ ನಿಜವಾಗಿ ಹೊಟ್ಟೆನೋವು ಹತ್ತಿತು. ಕಡೆಗೆ ವಿಜಯದಾಸರ ಬಳಿಗೇ ಹೋದಾಗ ಅವರು ತಾವೇ ಮದ್ದು ಕೊಡಲಿಲ್ಲ, ಗೋಪಾಲದಾಸರ ಕಡೆ ಕಳಿಸಿದರು. ಇದನ್ನು ನಾವು ಆಸ್ಪತ್ರೆಯಲ್ಲಿ ರೆಫರಲ್ ಎನ್ನುತ್ತೇವೆ! ಗೋಪಾಲದಾಸರು ಕೊಟ್ಟ ಪಥ್ಯ ಜೋಳದ ರೊಟ್ಟಿ. ಜೊತೆಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ವೈದ್ಯನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು, ಪಂಡಿತರೆಂದು ಅವರಿಗೆ ಬೇರೆ ಮದ್ದು ಕೊಡಲಿಲ್ಲ ಎಂಬುದು. ಊರಿಗೆಲ್ಲ ಇರುವ ರೊಟ್ಟಿಯೇ ಅವರಿಗೂ.

ಇನ್ನು ನನ್ನದೊಂದು ಸಂಗತಿ. ಇದನ್ನು ಹಿಂದೆ ಎಲ್ಲೂ ಹೇಳಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಊರಿನ ಹೆಸರು ಬೇಡ. ಆ ಊರಿಗೆ ಒಬ್ಬ ಸಾಹುಕಾರರು, ಅವರ ಮಾತಿಲ್ಲದೆ ಅಲ್ಲಿ ಬಸ್ಸೂ ನಿಲ್ಲುತ್ತಿರಲಿಲ್ಲ. ಮಗ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಹೋಗಿತ್ತು. ಒಂದು ರಾತ್ರಿ ಆಳು ಬಂದ. ‘ಸಾಹುಕಾರ್ರಿಗೆ ನಿದ್ದಿ ಬರವಲ್ದು, ಒಂದು ಸೂಜಿ ಮಾಡಿ ಬರಬೇಕಂತ್ರೀ.’ ಹೋದೆ. ಕಾಂಪೋಸ್ ಚುಚ್ಚಿದೆ, ಮಲಗಿದರು. ಮರುದಿನ ರಾತ್ರಿಯೂ ಆಳು ಬಂದ. ಹೀಗೆ ಹತ್ತು ಹನ್ನೆರಡು ರಾತ್ರಿ. ಬೇಡ ಎನ್ನಬೇಕೆಂದು ದಿನಾ ಅಂದುಕೊಂಡು ಹೋಗುತ್ತಿದ್ದೆ, ಆ ದೊಡ್ಡ ಬಾಗಿಲು ದಾಟಿದ ಮೇಲೆ ಬಾಯಿ ಬರುತ್ತಿರಲಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಒಂದು ರಾತ್ರಿ ಚುಚ್ಚಿದ ಮೇಲೆ ಅವರ ಬಾಯಿಂದ ಸೆರೆಯ ವಾಸನೆ ಬಂತು. ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು. ನಿಮಿಷಕ್ಕೆ ಎಂಟು. ಆಮೇಲೆ ಏಳು.

ಜೀಪು ಇರಲಿಲ್ಲ, ಆಮ್ಲಜನಕ ಇರಲಿಲ್ಲ. ಮಂಚದ ಪಕ್ಕ ಒಂದು ಕುರ್ಚಿ ಹಾಕಿಸಿಕೊಂಡು ಗದ್ದವನ್ನು ಮೇಲಕ್ಕೆತ್ತಿ ಹಿಡಿದು ಕೂತೆ. ಉಸಿರು ತಡವಾದಾಗಲೆಲ್ಲ ಎದೆಯ ಮೂಳೆಯನ್ನು ಗೆಣ್ಣಿನಿಂದ ತಿಕ್ಕಿ ಎಬ್ಬಿಸುವುದು. ಅವರ ಹೆಂಡತಿ ಬಾಗಿಲಲ್ಲಿ ನಿಂತು ‘ಏನಾತ್ರೀ ಡಾಕ್ಟ್ರ?’ ಎಂದರು. ‘ನನ್ನಿಂದ ತಪ್ಪಾಗಿದೆ ಅವ್ವಾ’ ಎಂದು ಹೇಳಲು ಮನಸ್ಸು ಬರಲಿಲ್ಲ. ‘ಏನಿಲ್ರೀ, ಗಟ್ಟಿ ನಿದ್ದಿ’ ಎಂದೆ. ಮರ್ರೆಯ ಮೌನದ ಬಗ್ಗೆ ಆಗಲೇ ಅಷ್ಟು ಗಟ್ಟಿಯಾಗಿ ಮಾತಾಡಿದೆನಲ್ಲ, ಆ ಮೌನದ ರುಚಿ ನನಗೆ ಗೊತ್ತಿದೆ.

ಬೆಳಗಿನ ಜಾವಕ್ಕೆ ಉಸಿರು ಸರಿಯಾಯಿತು. ಸಾಹುಕಾರರು ಕಣ್ಣು ಬಿಟ್ಟು, ಚಹಾ ತರಿಸಿ, ಬಹಳ ದಿನದ ಮೇಲೆ ಇಂಥ ನಿದ್ದೆ ಬಂತು, ಇವತ್ತೂ ಬರ್ರಿ ಎಂದರು. ಆ ರಾತ್ರಿ ಆಳು ಬಂದಾಗ ನಾನು ಹೋಗಲಿಲ್ಲ. ಸಾಹುಕಾರರನ್ನೇ ಹಗಲು ಹೊತ್ತು ಆಸ್ಪತ್ರೆಗೆ ಕರೆದುಕೊಂಡು ಬಾ, ಕೂತು ಮಾತಾಡೋಣ ಎಂದು ಹೇಳಿ ಕಳಿಸಿದೆ. ಅವರು ಬರಲಿಲ್ಲ. ಮೂರು ತಿಂಗಳಿಗೆ ನನಗೆ ವರ್ಗಾವಣೆಯ ಆದೇಶ ಬಂತು.

ನನ್ನ ಜಾಗಕ್ಕೆ ಬಂದವನು ಇನ್ನೂ ಎಳೆಯ ಹುಡುಗ. ಬೀಗದ ಕೈ, ಔಷಧಿಯ ಲೆಕ್ಕ, ಮೇಜು ಕುರ್ಚಿಗಳ ಪಟ್ಟಿ ಎಲ್ಲವನ್ನೂ ಒಪ್ಪಿಸಿ ಸಹಿ ಮಾಡಿಸಿಕೊಂಡೆ. ಸಾಹುಕಾರರ ಮನೆಯ ರಾತ್ರಿಗಳ ವಿಷಯ ಮಾತ್ರ ಹೇಳಲಿಲ್ಲ. ಬಸ್ಸು ಹತ್ತಿದ ಮೇಲೆ ನೆನಪಾಯಿತು. ಇಳಿದು ಹೋಗಿ ಹೇಳಬಹುದಿತ್ತು.